ಕೆಲಸವಿಲ್ಲದ ಎರಡು ಪಿನ್ನು

ಬೆಸುಗೆ ಕಡ್ಡಿ ಹಿಡಿದವರಲ್ಲಿ ನನ್ನಂಥವನು ಇನ್ನು ಮುನ್ನೂರು ವರ್ಷ ಹುಟ್ಟುವುದಿಲ್ಲ. ಸೊಳ್ಳೆಯ ಮುರಿದ ಕಾಲನ್ನೂ ಬೆಸೆದು ಹಾರಿಸಿಬಿಟ್ಟೇನು. ಅಂಥ ನನ್ನ ಅಂಗಡಿಗೆ ಬೆಳಿಗ್ಗೆ ಏಳಕ್ಕೇ ಅಕ್ಕ ಬಂದು, ನಾನೇ ಮಾಡಿಕೊಟ್ಟ ಸ್ಪೀಕರನ್ನು ಮೇಜಿನ ಮೇಲೆ ಕುಕ್ಕಿದಳು.

ಅಕ್ಕ ಎದುರಿನ ಶಾಲೆಯಲ್ಲಿ ಗಣಿತದ ಟೀಚರ್. ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ಉಳಿದದ್ದು ಪಿಸುಮಾತು. ಕೊರಳಿಗೆ ತೂಗುಹಾಕುವ ಈ ಸ್ಪೀಕರೇ ಅವಳ ದನಿ.

"ನಿನ್ನೆ ಎರಡೂವರೆಗೆ ಮತ್ತೆ ಸತ್ತಿತು ಕಣೋ. ಊಟದ ಬಿಡುವಲ್ಲಿ ಪೂರ್ತಿ ಒಂದು ಗಂಟೆ ಚಾರ್ಜಿಗೆ ಹಾಕಿದ್ದೆ. ಇವತ್ತೂ ಹೀಗಾದ್ರೆ ನನ್ನ ಕ್ಲಾಸು ಬೇರೆಯವರಿಗಂತೆ, ನಾನು ಲೈಬ್ರರಿಗಂತೆ. ಹೆಡ್‌ಮೇಡಂ ಹೇಳಿಬಿಟ್ರು."

"ಬ್ಯಾಟರಿದೇ ತಪ್ಪು ಅಕ್ಕ."

"ಹೋದ ವಾರ ಅಡಾಪ್ಟರ್ ತಪ್ಪು ಅಂದೆ. ಅದರ ಹಿಂದಿನ ವಾರ ನನ್ನ ಕೈಗುಣ ಅಂದೆ. ನಿನ್ನ ಸರದಿ ಯಾವಾಗ?"

ಮಾತು ನಾಟಿತು. ಶಟರ್ ಅರ್ಧ ಎಳೆದೆ. ಮಧ್ಯಾಹ್ನದ ಕ್ಲಾಸನ್ನು ಈ ಸ್ಪೀಕರ್ ದಾಟುವ ತನಕ ಹನಿ ನೀರೂ ಮುಟ್ಟುವುದಿಲ್ಲವೆಂದು ಪಣ ತೊಟ್ಟೆ. ಮೀಟರ್ ಜೋಡಿಸಿದರೆ, ಎರಡು ಆಂಪಿಯರ್ ಕೊಡಬಲ್ಲ ಅಡಾಪ್ಟರಿನಿಂದ ಸ್ಪೀಕರಿನೊಳಗೆ ನಾನು ಕೂರಿಸಿದ ಚಾರ್ಜರ್ ಚಿಪ್ಪು ಬರೀ ಅರ್ಧ ಆಂಪಿಯರ್ ಎಳೆಯುತ್ತಿತ್ತು, ಹೊಸ ಸೊಸೆ ಊಟಕ್ಕೆ ಕುಳಿತಂತೆ.

ನೀರಿನ ಬದಲು ಚಿಪ್ಪಿನ ಎಪ್ಪತ್ತು ಪುಟದ ವಿವರಣೆಯನ್ನೇ ಅರೆದು ಕುಡಿದೆ. ನಲವತ್ತೊಂದನೇ ಪುಟದಲ್ಲಿ ನನ್ನ ಮಾನ ಹೋಯಿತು.

ಚಾರ್ಜಿಗೆ ಹಾಕುವ ಯುಎಸ್‌ಬಿ ಕೇಬಲ್ಲಿನಲ್ಲಿ ಕರೆಂಟಿನ ತಂತಿಗಳ ಜೊತೆ ಮಾಹಿತಿ ಸಾಗಿಸುವ ಎರಡು ತಂತಿಗಳೂ ಇರುತ್ತವೆ. ಸ್ಪೀಕರಿಗೇಕೆ ಮಾಹಿತಿ ಎಂದು ಚಿಪ್ಪಿನ ಆ ಎರಡು ಡೇಟಾ ಪಿನ್ನುಗಳನ್ನು ಯಾವುದಕ್ಕೂ ಜೋಡಿಸದೆ ಬಿಟ್ಟಿದ್ದೆ. ನನ್ನ ಬೋರ್ಡಿನಲ್ಲಿ ಕೆಲಸವಿಲ್ಲದ ತಂತಿ ಒಂದೂ ಇರದೆಂದು ಲೋಕಕ್ಕೆಲ್ಲ ಸಾರಿದವನಲ್ಲವೇ ನಾನು. ಆದರೆ ಚಿಪ್ಪು "ಆ ಕಡೆ ಯಾರು?" ಎಂದು ವಿಚಾರಿಸುವುದೇ ಅವುಗಳ ಮೂಲಕ. ಉತ್ತರ ಬಾರದಿದ್ದರೆ ಸಂಕೋಚಪಟ್ಟು ಕಡಿಮೆ ಎಳೆಯುತ್ತದೆ. ಎರಡನ್ನೂ ಒಂದಕ್ಕೊಂದು ಸೇರಿಸಿಬಿಟ್ಟರೆ, ಇದು ಗೋಡೆಯ ಅಡಾಪ್ಟರ್ ಎಂದುಕೊಂಡು ಒಂದೂವರೆ ಆಂಪಿಯರ್ ಎಳೆಯುತ್ತದೆ.

ಪಿನ್ನುಗಳ ನಡುವಿನ ಸಂದು ಅರ್ಧ ಮಿಲಿಮೀಟರ್. ಗಡಿಯಾರದಲ್ಲಿ ಒಂದು ನಿಮಿಷ, ನನ್ನ ಲೆಕ್ಕದಲ್ಲಿ ಒಂದು ಯುಗ ಉಸಿರು ಕಟ್ಟಿ, ಸಾಸಿವೆಯ ನೂರನೇ ಪಾಲಿನಷ್ಟು ಸೀಸ ಇಟ್ಟೆ. ಪಕ್ಕದ ಪಿನ್ನಿಗೂ ಹರಿದುಬಿಟ್ಟಿತು. ತೆಗೆದು ಮತ್ತೆ ಇಟ್ಟೆ. ಈ ಸಲ ಕೂತಿತು. ಮೀಟರಿನ ಮುಳ್ಳು ಒಂದೂವರೆಗೆ ಜಿಗಿಯಿತು.

"ಊಟದ ಬಿಡುವಲ್ಲಿ ಗೋಡೆಯ ಅಡಾಪ್ಟರಿಗೇ ಚುಚ್ಚು ಅಕ್ಕ, ಕಂಪ್ಯೂಟರಿಗೆ ಬೇಡ. ಅದರ ತಾಕತ್ತು ಮೀರಿ ಎಳೆಯುತ್ತೆ."

"ಸರಿ. ತಪ್ಪು ಯಾರದು?"

"ಪಿನ್ನುಗಳದ್ದು."

ಮಧ್ಯಾಹ್ನ ಶಾಲೆಯ ಕಿಟಕಿಯ ಹೊರಗೆ ನಿಂತೆ. ಹೆಡ್‌ಮೇಡಂ ಹಿಂದಿನ ಬೆಂಚಿನಲ್ಲಿದ್ದರು. ಎರಡೂವರೆ ದಾಟಿತು, ದನಿ ನಿಲ್ಲಲಿಲ್ಲ. ಮೂರಕ್ಕೆ ಅವರು ಪುಸ್ತಕ ಮಡಚಿ, ಅಕ್ಕನಿಗೆ ತಲೆಯಾಡಿಸಿ ಎದ್ದು ಹೋದರು.

ಆಗ ಸ್ಪೀಕರ್ ಗುಡುಗಿತು: "ಮಕ್ಕಳೇ, ಕಿಟಕಿ ಹತ್ರ ನಿಂತಿರೋದು ನನ್ನ ತಮ್ಮ. ಒಂದು ತಪ್ಪು ಹುಡುಕೋಕೆ ಅವನಿಗೆ ಮೂರು ವಾರ ಬೇಕು. ಹತ್ತು ತಪ್ಪಿಗೆ?"

"ಮೂವತ್ತು ವಾರ," ಎಂದಿತು ಇಡೀ ಕ್ಲಾಸು.

ಹತ್ತು ತಪ್ಪು ನಾನು ಜನ್ಮದಲ್ಲೇ ಮಾಡಿಲ್ಲ. ಅದನ್ನು ಆಮೇಲೆ ವಾದಿಸಿದರಾಯಿತೆಂದು ಮೊದಲು ನಲ್ಲಿಗೆ ಬಾಯಿಟ್ಟೆ.