ಹೆದರಿದಾಗ ಪಾರ್ಚು ಓಡುವ ಕಡೆ

ತಪ್ಪು ನಾಯಿಯದಲ್ಲ, ನನ್ನದು. ಆನೆ ಬಂದರೆ ಬೊಗಳಬೇಕೆಂದು ಅವನಿಗೆ ಕಲಿಸಿದವಳು ನಾನೇ.

ಎರಡು ವರ್ಷದ ಹಿಂದೆ ಒಂದು ಸಂಜೆ ಕಾಫಿ ಎಸ್ಟೇಟಿನ ಕೆಲಸಗಾರರಿರುವ ನಮ್ಮ ಲೈನ್ ಮನೆಗಳ ಹಿಂದಿನ ಬಾಳೆಗೆ ಆನೆ ಬಂದಿತ್ತು. ಪಾರ್ಚು ಆಗಿನ್ನೂ ಎಳೆಯ. ಬಾಗಿಲ ಸಂದಿಯಿಂದ ನುಸುಳಿ ಹೋಗಿ ಬೊಗಳಿದ್ದೇ ಬೊಗಳಿದ್ದು. ಆನೆ ಅರ್ಧ ಗಂಟೆ ಬಾಳೆ ತಿಂದು, ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಹೋಯಿತು. ಆದರೆ ಲೈನಿನವರೆಲ್ಲ ಪಾರ್ಚುವೇ ಓಡಿಸಿದ ಎಂದರು. ನಾನೂ ಹಿಗ್ಗಿಹೋಗಿ ಎರಡು ಒಣಮೀನು ಸುಟ್ಟು ಹಾಕಿದೆ. ಅಲ್ಲಿಂದ ಅದೇ ರೂಢಿಯಾಯಿತು. ಆನೆಯ ವಾಸನೆಗೆ ಬೊಗಳಿದರೆ ಒಂದು ಒಣಮೀನು. ನಮ್ಮ ನಾಯಿ ಆನೆಗೂ ಹೆದರುವುದಿಲ್ಲ ಎಂದು ಗೋಣಿಬೀಡಿನ ಅಂಗಡಿಯವರೆಗೂ ಹೇಳಿಕೊಂಡು ಬಂದೆ.

ಅವನನ್ನು ಮನೆಗೆ ತಂದವಳು ಮಗಳು ಧನ್ಯಶ್ರೀ. ಎಸ್ಟೇಟಿನ ಕಣದಲ್ಲಿ ಒಣಹಾಕಿದ್ದ, ಹಣ್ಣಿನ ಸಿಪ್ಪೆ ತೆಗೆದು ತೊಳೆದ ಪಾರ್ಚ್‌ಮೆಂಟ್ ಕಾಫಿಯ ಮೇಲೆ ಮುದುಡಿ ಮಲಗಿದ್ದ ಮರಿ. ಕಾಫಿಯದೇ ತಿಳಿಹಳದಿ ಬಣ್ಣ. ಆಕಳಿಸಿದಾಗಲೇ ನಾಯಿ ಎಂದು ಗೊತ್ತಾದದ್ದಂತೆ. ಹಾಗಾಗಿ ಪಾರ್ಚು. ನನ್ನ ಗಂಡ ಸುರೇಂದ್ರ ಎಸ್ಟೇಟ್ ಜೀಪು ಓಡಿಸುತ್ತಾರೆ, ಬೆಳಗಾಗುವ ಮುಂಚೆ ಹೋದರೆ ಕತ್ತಲಾದ ಮೇಲೆ ಬರುವುದು. ನಾನು ಎಂಟಕ್ಕೆಲ್ಲ ತೋಟದಲ್ಲಿರಬೇಕು. ಧನ್ಯ ಬಸ್ಸು ಹಿಡಿಯಲು ತೋಟದ ದಾರಿಯಲ್ಲಿ ಒಂದು ಮೈಲಿ ನಡೆಯಬೇಕು. ಅವಳ ಜೊತೆಗೆ ಹೋಗಿ, ಬಸ್ಸು ಹತ್ತಿಸಿ ಬರುತ್ತಿದ್ದವನು ಪಾರ್ಚು. ನಿಜ ಹೇಳಬೇಕೆಂದರೆ ನಾನು ಮಾಡಬೇಕಾದ ಕೆಲಸವನ್ನು ಆ ನಾಯಿ ಮಾಡುತ್ತಿತ್ತು.

ಈ ಡಿಸೆಂಬರಿನಲ್ಲಿ, ಕಾಫಿ ಹಣ್ಣಿನ ಕೊಯ್ಲು ಜೋರಾಗಿ ನಡೆಯುತ್ತಿದ್ದಾಗ, ಕೆಳಗಿನ ತೋಟದಲ್ಲಿ ನಾವು ಹನ್ನೊಂದು ಜನ ಹೆಂಗಸರಿದ್ದೆವು. ಹಳ್ಳದ ಕಡೆಯಿಂದ ಪಾರ್ಚುವಿನ ಬೊಗಳು ಕೇಳಿಸಿತು. ನಾನು ನಕ್ಕು, "ಕೇಳಿ, ನಮ್ಮ ಫಾರೆಸ್ಟ್ ಗಾರ್ಡು," ಎಂದೆ. ಬೊಗಳು ಹತ್ತಿರವಾಯಿತು. ಮತ್ತೂ ಹತ್ತಿರವಾಯಿತು. ಕಾಫಿ ಗಿಡಗಳ ನಡುವಿನಿಂದ ಪಾರ್ಚು ಬಾಲ ಮುದುರಿಕೊಂಡು ಬಾಣದ ಹಾಗೆ ಬಂದು ನನ್ನ ಕಾಲ ಸಂದಿಯಲ್ಲಿ ತೂರಿಕೊಂಡ. ಅವನ ಹಿಂದೆಯೇ ಗಿಡಗಳನ್ನು ಮುರಿದುಕೊಂಡು ಒಂಟಿ ಸಲಗ.

ಹೇಗೆ ಓಡಿದೆವೋ ಗೊತ್ತಿಲ್ಲ. ನಾನು ಎತ್ತ ಓಡಿದರೆ ಪಾರ್ಚು ಅತ್ತಲೇ. ನಮ್ಮ ಜೊತೆ ಹಣ್ಣು ಕೊಯ್ಯುತ್ತಿದ್ದ ಹುಚ್ಚಮ್ಮಜ್ಜಿ ಚರಂಡಿಗೆ ಬಿದ್ದರು. ಆನೆ ಹಣ್ಣಿನ ಚೀಲಗಳ ಹತ್ತಿರ ನಿಂತು, ಎರಡನ್ನು ತುಳಿದು ಒಡೆದು, ಅದೇನನ್ನಿಸಿತೋ ಹಿಂದಕ್ಕೆ ಹೋಯಿತು.

ಸಂಜೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಾಲರಾಜ್ ಲೈನಿಗೆ ಬಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಪವಿತ್ರಕ್ಕ, ಆನೆ ಕಂಡ ನಾಯಿ ಆನೇನ ಓಡ್ಸಲ್ಲ. ಬೊಗಳೋವಷ್ಟು ಬೊಗಳ್ತದೆ. ಆನೆ ತಿರುಗಿ ಬಿತ್ತೋ, ಹೆದ್ರಿ ತನ್ನೋರ ಹತ್ರ ಓಡ್ತದೆ. ಆನೇನೂ ಹಿಂದೇನೆ ಬರ್ತದೆ."

"ಕಟ್ಟಾಕ್ತೀನಿ ರೈಟ್ರೇ."

"ಎಷ್ಟ್ ದಿನ ಅಂತ ಕಟ್ಟಾಕ್ತೀರಿ? ನೀವೇ ಯೋಚ್ನೆ ಮಾಡಿ. ನಾನು ಬಿಡು ಅಂತ್ಲೂ ಹೇಳಲ್ಲ, ಇಟ್ಕೋ ಅಂತ್ಲೂ ಹೇಳಲ್ಲ."

ಹುಚ್ಚಮ್ಮಜ್ಜಿಯ ಮಣಿಕಟ್ಟು ಮುರಿದಿತ್ತು. ಗಂಜಿ ತೆಗೆದುಕೊಂಡು ಹೋಗಿ ತಲೆ ತಗ್ಗಿಸಿ ಕುಳಿತೆ. ಅಜ್ಜಿ ನಕ್ಕರು.

"ಯಾಕೆ ಹಂಗೆ ಸತ್ತೋರ ಮನೇಲಿ ಕೂತಂಗೆ ಕೂತೀಯ ಮಾರಾಯ್ತಿ? ಕೈ ಮುರ್ದಿದ್ದು ಆನೇನೂ ಅಲ್ಲ, ನಿನ್ನ ನಾಯೀನೂ ಅಲ್ಲ. ಈ ನನ್ನ ಮೈ! ಇಷ್ಟು ಮೈ ಮೇಲೆ ಬಿದ್ರೆ ಆನೆ ಕಾಲೂ ಮುರೀತದೆ."

ನನಗೂ ನಗು ಬಂತು. ಅಜ್ಜಿ ಗಂಜಿ ಕುಡಿದು, ಬಟ್ಟಲು ಕೆಳಗಿಟ್ಟು ಹೇಳಿದರು: "ನಾನು ಮುದ್ಕಿ, ಬಿದ್ದೆ, ಎದ್ದೆ. ನಾಳೆ ಅವ್ನು ಓಡಿ ಹೋಗೋದು ನಿನ್ನ ಮಗಳ ಹತ್ರ ಆದ್ರೆ?"

ಆ ಮಾತು ನನ್ನನ್ನು ಬಿಡಲಿಲ್ಲ.

ಗೋಣಿಬೀಡಿನಲ್ಲಿ ಧನ್ಯಳ ಶಾಲೆಯ ಎದುರಿಗೆ ಬಸಮ್ಮನವರ ದಿನಸಿ ಅಂಗಡಿ. ನಾವು ಸಾಮಾನು ತರುವುದು ಅಲ್ಲಿಂದಲೇ. ಅವರ ಹಳೆಯ ನಾಯಿ ದೀಪಾವಳಿಯ ಹೊತ್ತಿಗೆ ಸತ್ತಿತ್ತು. ಒಳ್ಳೆಯ ನಾಯಿ ಕೊಡುವವರಿದ್ದರೆ ಹೇಳು ಎಂದು ಆವಾಗಲೇ ಅಂದಿದ್ದರು. ಪೇಟೆಯ ನಡುವೆ ಅಂಗಡಿ. ಅಲ್ಲಿ ತೋಟವಿಲ್ಲ, ಹಳ್ಳವಿಲ್ಲ. ಎಲ್ಲ ಸರಿಯಾಗಿತ್ತು. ಧನ್ಯಳಿಗೆ ಹೇಳುವುದೊಂದು ಬಾಕಿ.

ಭಾನುವಾರ ಅವಳು ಅಂಗಳದಲ್ಲಿ ಪಾರ್ಚುವಿನ ಕಿವಿಯಿಂದ ಉಣ್ಣೆಹುಳ ಹೆಕ್ಕುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತೆ. ಮಾತು ಶುರುಮಾಡುವ ಮುಂಚೆ ಅವಳೇ ಕೇಳಿದಳು.

"ಅಮ್ಮ, ಅವತ್ತು ಇವ್ನು ಬೇರೆ ಕಡೆ ಓಡ್ಬೋದಿತ್ತಲ್ಲ. ನಿನ್ನ ಹತ್ರಾನೇ ಯಾಕೆ ಬಂದ?"

"ನಿಂಗೆ ಹೆದ್ರಿಕೆ ಆದ್ರೆ ನೀನೆಲ್ಲಿಗೆ ಓಡ್ತೀಯ?"

"ನಿನ್ನ ಹತ್ರ."

ಹೆದರಿದಾಗ ನನ್ನ ಹತ್ತಿರ ಓಡಿಬರುವವನನ್ನು, ಓಡಿಬಂದ ಎನ್ನುವ ಕಾರಣಕ್ಕೇ ಬೇರೆಯವರಿಗೆ ಕೊಡುವುದು ಹೇಗೆ? ಎದ್ದು ಹೋಗಿ ಪಾತ್ರೆ ತೊಳೆದೆ. ಪಾರ್ಚುವನ್ನು ಕಟ್ಟಿಹಾಕಿದರಾಯಿತು ಎಂದುಕೊಂಡೆ.

ಕಟ್ಟಿಹಾಕಿದೆ. ಹಗಲೆಲ್ಲ ಅವನು ಊಳಿಟ್ಟ. ಹಗ್ಗ ಸುತ್ತಿಕೊಂಡು ಕಾಲು ತರಚಿಕೊಂಡ. ಕೆಲಸದಿಂದ ಬಂದು ಬಿಚ್ಚಿದರೆ ಕುಣಿಯುತ್ತಿರಲಿಲ್ಲ, ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿಬಿಡುತ್ತಿದ್ದ. ಧನ್ಯಳನ್ನು ಬಸ್ಸಿಗೆ ಬಿಡಲು ನಾನೇ ಹೋಗತೊಡಗಿದೆ. ತೋಟಕ್ಕೆ ತಡವಾಗಿ ಮೇಸ್ತ್ರಿ ಲಕ್ಕಯ್ಯನವರ ಮುಖ ದಿನದಿನಕ್ಕೂ ಬಿಗಿಯಾಯಿತು.

ಒಂಬತ್ತನೆಯ ದಿನ ನನಗೆ ಜ್ವರ. ಧನ್ಯ ಪಕ್ಕದ ಮನೆಯ ಮಕ್ಕಳ ಜೊತೆ ಹೊರಟಳು. ಅರೆಗಣ್ಣಿನಲ್ಲಿ ಮಲಗಿದ್ದೆ. ಊಳು ನಿಂತಿದ್ದು ಎಷ್ಟೋ ಹೊತ್ತಿನ ಮೇಲೆ ಗಮನಕ್ಕೆ ಬಂತು. ಎದ್ದು ನೋಡಿದರೆ ಕಡಿದ ಹಗ್ಗದ ತುಂಡು. ಬಸ್ಸಿನ ತಿರುವಿನ ಕಡೆಯಿಂದ ಅವನ ಬೊಗಳು ಕೇಳುತ್ತಿತ್ತು.

ಚಪ್ಪಲಿ ಹಾಕಿಕೊಳ್ಳದೆ ಓಡಿದೆ. ಒಂದು ಮೈಲಿಯುದ್ದಕ್ಕೂ ಅವಳ ಹೆಸರು ಕೂಗಿದೆನಂತೆ, ನನಗೆ ನೆನಪಿಲ್ಲ. ತಿರುವಿಗೆ ಹೋದರೆ ಮಕ್ಕಳು ಸಾಲಾಗಿ ನಿಂತು ಬಸ್ಸಿಗೆ ಕಾಯುತ್ತಿದ್ದರು. ಪಾರ್ಚು ಮರದ ಮೇಲಿನ ಮಂಗಕ್ಕೆ ಬೊಗಳುತ್ತಿದ್ದ. ಏನೂ ಆಗಿರಲಿಲ್ಲ. ನನ್ನ ಬರಿಗಾಲು ನೋಡಿ, ಹೆರಳು ಬಿಚ್ಚಿಹೋದದ್ದು ನೋಡಿ ಧನ್ಯ ಬಿಳಿಚಿಕೊಂಡಳು. ಪಾರ್ಚು ಬಾಲ ಅಲ್ಲಾಡಿಸುತ್ತ ಬಂದು ನನ್ನ ಕೈ ಮೂಸಿದ. ಒಣಮೀನಿಗೆ.

ಬಸ್ಸು ಬಂದರೂ ಧನ್ಯ ಹತ್ತಲಿಲ್ಲ. ಮೂವರೂ ಮನೆಗೆ ನಡೆದೆವು. ಅರ್ಧ ದಾರಿಯಲ್ಲಿ ಅವಳೇ ಹೇಳಿದಳು: "ಬಸಮ್ಮಜ್ಜಿಗೆ ಕೊಡೋಣ ಅಂತಿದೀಯಲ್ಲ, ಅಪ್ಪನ ಹತ್ರ ಹೇಳ್ತಿದ್ದಿದ್ದು ಕೇಳಿಸ್ಕೊಂಡೆ."

"ನೀನು ಬೇಡ ಅಂದ್ರೆ—"

"ಬೇಡ ಅಂದ್ರೆ ನೀನು ದಿನಾ ಹಿಂಗೆ ಓಡಿ ಬರ್ತೀಯ." ಸ್ವಲ್ಪ ದೂರ ನಡೆದು, "ಕೊಡೋಣ," ಎಂದಳು. ಆಮೇಲೆ ಮನೆ ಮುಟ್ಟುವವರೆಗೂ ಅತ್ತಳು.

ಬಸಮ್ಮನವರು ಎರಡು ಮಾತು ಹೇಳಿದರು. "ನಮ್ಮನೇಲಿ ಮೀನು-ಗೀನು ಇಲ್ಲಮ್ಮ. ರೊಟ್ಟಿ, ಹಾಲನ್ನ. ಒಗ್ತದಾ?"

"ಅದೇ ಒಳ್ಳೇದು ಅಮ್ಮೋರೇ," ಎಂದೆ.

"ಇನ್ನೊಂದು. ಒಂದು ತಿಂಗ್ಳು ನಿನ್ನ ಮಗಳು ಇವ್ನನ್ನ ಮಾತಾಡಿಸ್ಬಾರ್ದು. ಎದ್ರಿಗೇ ಶಾಲೆ, ಕಷ್ಟ ಅಂತ ಗೊತ್ತು. ಆದ್ರೆ ಆಸೆ ಹಚ್ಚಿ ಬಸ್ಸು ಹತ್ತಿ ಹೋದ್ರೆ, ಇದು ಬಸ್ಸಿನ ಹಿಂದೆ ಓಡ್ತದೆ."

ನಾಯಿಯನ್ನು ಬೇರೆ ಊರಿಗೆ ಬಿಡುವಾಗ ಗೋಣಿಚೀಲದಲ್ಲಿ ಹಾಕಿ ಬಾಯಿ ಕಟ್ಟಬೇಕು, ದಾರಿ ಕಂಡರೆ ವಾಪಸ್ಸು ಬರುತ್ತದೆ ಎಂದು ನಮ್ಮ ಕಡೆ ಹೇಳುತ್ತಾರೆ. ಲಕ್ಕಯ್ಯನವರು ಚೀಲವನ್ನೂ ಕಳಿಸಿದ್ದರು. ಸುರೇಂದ್ರ ಅದನ್ನು ಜೀಪಿನಲ್ಲಿಟ್ಟು ನನ್ನ ಮುಖ ನೋಡಿದರು. ನಾನು ಧನ್ಯಳ ಮುಖ ನೋಡಿದೆ. ಅವಳು ಚೀಲವನ್ನು ಜೀಪಿನ ಹಿಂದೆ ಹಾಸಿ, ಪಾರ್ಚುವನ್ನು ಅದರ ಮೇಲೆ ಕೂರಿಸಿ, ಎರಡೂ ಅಂಗೈಗಳಿಂದ ಅವನ ಕಣ್ಣು ಮುಚ್ಚಿದಳು. ಗೋಣಿಬೀಡಿಗೆ ಆರು ಕಿಲೋಮೀಟರು. ಗುಂಡಿ ಬಂದರೂ ಕೈ ತೆಗೆಯಲಿಲ್ಲ. ಅವನು ಕೊಸರಾಡಲೂ ಇಲ್ಲ. ಏನೋ ಆಟ ಎಂದುಕೊಂಡಿರಬೇಕು, ನಡುನಡುವೆ ನಾಲಿಗೆ ಚಾಚಿ ಅವಳ ಮಣಿಕಟ್ಟು ನೆಕ್ಕುತ್ತಿದ್ದ.

ಆ ಒಂದು ತಿಂಗಳು ಅವಳು ಹೇಗೆ ಕಳೆದಳೋ. ಬಸ್ಸಿಳಿದ ತಕ್ಷಣ ಬ್ಯಾಗನ್ನು ಅಂಗಡಿಯ ಕಡೆಯ ಭುಜಕ್ಕೆ ಬದಲಿಸಿ, ಮುಖ ಆಚೆ ತಿರುಗಿಸಿ ಶಾಲೆಯೊಳಕ್ಕೆ ಓಡುತ್ತಿದ್ದಳಂತೆ. ಮೊದಲ ವಾರ ಪಾರ್ಚು ಸರಪಳಿ ಎಳೆದು ಕೂಗುತ್ತಿದ್ದನಂತೆ. ಇದೆಲ್ಲ ಬಸಮ್ಮನವರು ಹೇಳಿದ್ದು, ಧನ್ಯ ಹೇಳಿದ್ದಲ್ಲ. ಅವಳು ಮನೆಗೆ ಬಂದು ಅನ್ನ ತಿಂದು, ಖಾಲಿ ಅಂಗಳಕ್ಕೆ ಬೆನ್ನು ಹಾಕಿ ಹೋಮ್‌ವರ್ಕ್ ಮಾಡುತ್ತಿದ್ದಳು. ನಾನು ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಆ ಬೆನ್ನನ್ನೇ ನೋಡುತ್ತಿದ್ದೆ.

ತಿಂಗಳು ತುಂಬಿದ ಶನಿವಾರ ಬಸಮ್ಮನವರ ಫೋನು ಬಂತು. ಅರ್ಧ ದಿನ ರಜೆ ಹಾಕಿ ಹೋದೆ. ಶಾಲೆ ಬಿಟ್ಟ ಮೇಲೆ ಇಬ್ಬರೂ ರಸ್ತೆ ದಾಟಿದೆವು. ಸರಪಳಿ ಇರಲಿಲ್ಲ. ನಮ್ಮನ್ನು ಕಂಡವನೇ ಪಾರ್ಚು ನೆಲಕ್ಕೆ ಹೊಟ್ಟೆ ತಾಗಿಸಿ ತೆವಳುತ್ತ ಬಂದ, ಉಚ್ಚೆ ಹುಯ್ದುಕೊಂಡ, ಅಳುವ ಹಾಗೆ ಸದ್ದು ಮಾಡಿದ. ಧನ್ಯ ಅವನ ಕುತ್ತಿಗೆ ತಬ್ಬಿ ಅಲ್ಲೇ ಕುಳಿತಳು. ಮೈ ತುಂಬಿಕೊಂಡಿದ್ದ. ಕಾಲಿನ ತರಚುಗಾಯ ಮಾದಿತ್ತು. ವಾಪಸ್ಸು ಕರೆದುಕೊಂಡು ಹೋಗೋಣ ಎನ್ನುವ ಮಾತು ನನ್ನ ತುಟಿಯವರೆಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಅಷ್ಟರಲ್ಲಿ ಪಕ್ಕದ ಗೊಬ್ಬರದ ಅಂಗಡಿಯವರು ಶಟರ್ ಎಳೆದರು. ಧಡಾರ್ ಎಂದು ಬಿತ್ತು. ಧನ್ಯ ಬೆಚ್ಚಿ ನನ್ನ ಸೆರಗು ಹಿಡಿದಳು. ಪಾರ್ಚು ಅವಳ ತೋಳಿನಿಂದ ಚಿಮ್ಮಿ, ನನ್ನ ಕಾಲ ಪಕ್ಕದಲ್ಲೇ ಹಾದು, ಅಂಗಡಿಯೊಳಗೆ ಓಡಿ ಬಸಮ್ಮನವರ ಸ್ಟೂಲಿನ ಕೆಳಗೆ ತೂರಿಕೊಂಡ.

"ಏನಿಲ್ಲ ಕಣೋ, ಶಟರ್ರು, ಶಟರ್ರು," ಎಂದು ಅವರು ಸಕ್ಕರೆ ಕಟ್ಟುತ್ತಿದ್ದ ಕೈಯನ್ನು ಕೆಳಗಿಳಿಸಿ ಅವನ ತಲೆ ಸವರಿದರು.

ಧನ್ಯ ಅದನ್ನೇ ನೋಡುತ್ತಿದ್ದಳು. ಸೆರಗು ಇನ್ನೂ ಅವಳ ಮುಷ್ಟಿಯಲ್ಲಿತ್ತು. ಸ್ವಲ್ಪ ಹೊತ್ತಿನ ಮೇಲೆ ಬಿಟ್ಟು, ಅಂಗಡಿಯ ಮೆಟ್ಟಿಲ ಹತ್ತಿರ ಹೋಗಿ ಕೇಳಿದಳು:

"ಅಜ್ಜಿ, ಇನ್ಮೇಲೆ ದಿನಾ ಬರ್ಬೋದಾ?"

"ಬಾ ಮಗಾ. ಇನ್ಮೇಲೆ ಬಾ."