ಮೀಸಲು ಎಡೆ, ಟೇಬಲ್ ನಂಬರ್ ಆರು

ಎಲ್ಲಿಂದ ಶುರು ಮಾಡಲಿ?

ಬಾಗಿಲಿನಿಂದ ಮಾಡಬಹುದು. ಸೋಲಾಪುರದ ಸಾತ ರಸ್ತೆಯ ಹತ್ತಿರ ಲಕ್ಕಿ ಶಾಂಘಾಯ್ ಎಂಬ ಹಳೆಯ ಚೈನೀಸ್ ಹೋಟೆಲು. ಕೆಂಪು ಬಾಗಿಲು, ಎರಡೂ ಬದಿಗೆ ಬಾಯಿ ತೆರೆದ ಡ್ರ್ಯಾಗನ್, ಅದರಲ್ಲಿ ಒಂದಕ್ಕೆ ಮೂಗಿಲ್ಲ. ಒಳಗೆ ನಡುಮಧ್ಯಾಹ್ನವೂ ನಸುಗತ್ತಲೆ, ಕಾಗದದ ಗುಂಡು ದೀಪಗಳು, ಪ್ರತಿ ಟೇಬಲ್ಲಿನ ಮೇಲೆ ಹಸಿಮೆಣಸಿನಕಾಯಿ ಹೆಚ್ಚಿ ಹಾಕಿದ ವಿನೆಗರ್ ಬಾಟಲಿ... ಬೇಡ. ಹೀಗೆ ಶುರು ಮಾಡಿದರೆ ನೀವು ಇದನ್ನು ಭಾನುವಾರದ ಪುರವಣಿ ಎಂದುಕೊಂಡು, ಅಲ್ಲಿ ಪಾರ್ಕಿಂಗ್ ಇದೆಯೇ ಎಂದು ಕೇಳುತ್ತೀರಿ.

ಆಕಾಶನಿಂದ ಶುರು ಮಾಡೋಣವೆಂದರೆ ಅವನು ಸತ್ತು ನಾಳೆಗೆ ಒಂದು ವರ್ಷ. (ಸಾಯಿಸಿದ್ದು ನಾನೇ. ಆ ಮಾತಿಗೆ ಆಮೇಲೆ ಬರುತ್ತೇನೆ. ಬರದೇ ಇರಲು ಸಕ್ಕುಬಾಯಿ ಬಿಡುವುದಿಲ್ಲ.)

ಹಾಗಾದರೆ ಸಕ್ಕುಬಾಯಿಯಿಂದಲೇ.

೧

ಸಕ್ಕುಬಾಯಿ ಆಕಾಶನ ತಾಯಿ. ಐವತ್ತರ ಆಸುಪಾಸು, ಮಂಗಳವೇಢೆ ತಾಲ್ಲೂಕಿನ ಮರವಡೆಯವಳು. ಕೈಯಲ್ಲಿ ತೊಳೆದು ಒರೆಸಿದ ಖಾಲಿ ಸ್ಟೀಲಿನ ಡಬ್ಬಿ. ಹಿಂದೆ ಗಂಡ ಧೂಳಪ್ಪ, ತಲೆಗೆ ಪಟಗಾ, ಹೆಗಲಿಗೆ ಕಂಬಳಿ. ಅವನ ಕುರಿಗಳನ್ನು ಇವತ್ತು ಪಕ್ಕದ ಮನೆಯವರು ಕಾಯುತ್ತಿದ್ದಾರೆ. ಇಬ್ಬರೂ ಬೆಳಗಿನ ಮೊದಲ ಎಸ್.ಟಿ. ಬಸ್ಸು ಹಿಡಿದು ಬಂದಿದ್ದಾರೆ.

ಬಂದದ್ದು ಉಣ್ಣಲಿಕ್ಕಲ್ಲ. ಅವರ ಮನೆತನದಲ್ಲಿ ಸತ್ತವರ ಮೂರನೆಯ ದಿನ ಮಣ್ಣು ಮಾಡಿದ ಜಾಗದಲ್ಲಿ ಎಡೆ ಇಡುತ್ತಾರೆ, ಸತ್ತವರಿಗೆ ಯಾವುದು ಇಷ್ಟವೋ ಅದನ್ನು. ಕಾಗೆ ಮುಟ್ಟಿದರೆ ಸತ್ತವನು ಉಂಡ ಹಾಗೆ. ಆಕಾಶನ ಎಡೆಗೆ ಜೋಳದ ರೊಟ್ಟಿ, ಝುಣಕಾ, ಮಟನ್, ಹೋಳಿಗೆ ಎಲ್ಲ ಇಟ್ಟಿದ್ದರು. ಕಾಗೆ ಜಾಲಿಯ ಗಿಡದಲ್ಲಿ ಕೂತು ನೋಡುತ್ತಲೇ ಇತ್ತು. ಹಿರಿಯರು ಒಬ್ಬೊಬ್ಬರಾಗಿ ಕೈ ಮುಗಿದು, "ನಿನ್ನ ಗಾಡಿ ಮಾರೂದಿಲ್ಲೋ", "ತಂಗಿ ಲಗ್ನಾ ಚೊಲೋ ಮಾಡ್ತೀವೋ" ಎಂದು ಮಾತು ಕೊಟ್ಟರು. ಬಿಸಿಲು ನೆತ್ತಿಗೇರಿತು, ಕಾಗೆ ಇಳಿಯಲಿಲ್ಲ. ಕೊನೆಗೆ ಎಡೆಯನ್ನು ಆಕಳಿಗೆ ಹಾಕಿ ಎದ್ದು ಬಂದರು.

ಅವತ್ತಿನಿಂದ ಸಕ್ಕುಬಾಯಿಯ ತಲೆಯಲ್ಲಿ ಒಂದೇ ಮಾತು: ನನ್ನ ಮಗ ಹಸಿದು ಹೋಗಿದ್ದಾನೆ.

ಹೋದ ವಾರ ಸಿದ್ಧರಾಮ ಬಂದಿದ್ದ, ಆಕಾಶನ ಜೊತೆ ಸೋಲಾಪುರದ ಟೈರ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವನು. ಚಹಾ ಕುಡಿಯುತ್ತ ಸುಮ್ಮನೆ ಅಂದ: "ಕಾಕು, ಅವ ದಿನಾ ಆ ಲಕ್ಕಿ ಶಾಂಘಾಯ್‌ದಾಗ ಉಂತಿದ್ದ."

ಸಕ್ಕುಬಾಯಿಗೆ ಆಗ ಎಲ್ಲ ತಿಳಿಯಿತು. ಎಡೆಗೆ ತಪ್ಪು ಊಟ ಇಟ್ಟಿದ್ದಳು. ನಾಳೆ ವರ್ಷದ ಎಡೆ. ಅವನು ಉಣ್ಣುತ್ತಿದ್ದದ್ದು ಏನು ಎಂದು ತಿಳಿದು, ಅದನ್ನು ಯಾರೂ ಬಾಯಿ ಹಚ್ಚದ ಹಾಗೆ ಮೀಸಲಾಗಿ ಈ ಡಬ್ಬಿಯಲ್ಲಿ ಒಯ್ಯಬೇಕು. ಅಷ್ಟೇ ಕೆಲಸ.

೨

ಕೌಂಟರಿನ ಮೇಲೆ ಬೋಳುತಲೆಯ, ದೊಡ್ಡ ಹೊಟ್ಟೆಯ, ನಗುವ ಗೊಂಬೆ ಇತ್ತು. ಸಕ್ಕುಬಾಯಿ ಅದಕ್ಕೆ ಕೈ ಮುಗಿದಳು. ಯಾರೇ ಇರಲಿ, ಹೊಟ್ಟೆ ತುಂಬಿದ ದೇವರು, ಹಸಿವಿನ ವಿಷಯ ಇವನ ಮುಂದೆಯೇ ಹೇಳಬೇಕು ಅನ್ನಿಸಿತು ಅವಳಿಗೆ.

ಟೇಬಲ್ ನಂಬರ್ ಆರಕ್ಕೆ ಕೂರಿಸಿದರು. ಮೆನು ಕಾರ್ಡ್ ಬಂತು, ಒಂದು ಬದಿ ಇಂಗ್ಲಿಷ್, ಒಂದು ಬದಿ ಮರಾಠಿ. ಧೂಳಪ್ಪ ಮರಾಠಿ ಕೂಡಿಸಿ ಕೂಡಿಸಿ ಓದುತ್ತಾನೆ. ಸಕ್ಕುಬಾಯಿಗೆ ಓದಲು ಬರುವುದಿಲ್ಲ. ಇಬ್ಬರೂ ಆಡುವುದು ಕನ್ನಡ, ಕನ್ನಡದ ಅಕ್ಷರ ಇಬ್ಬರಿಗೂ ಗೊತ್ತಿಲ್ಲ. ಅಂದರೆ ಈ ಕಥೆಯನ್ನು ಅವರು ಎಂದೂ ಓದಲಾರರು. (ಇದು ನನಗೆ ಎಷ್ಟು ಅನುಕೂಲ ನೋಡಿ. ನಾನು ಅಕ್ಕಲಕೋಟೆಯ ಕನ್ನಡ ಶಾಲೆಯ ಮಾಸ್ತರ, ಬಿಡುವಿದ್ದಾಗ ಕಥೆ ಬರೆಯುತ್ತೇನೆ. ಶಾಲೆಯಲ್ಲಿ ಮಕ್ಕಳು ಕಡಿಮೆಯಾದಷ್ಟೂ ಬಿಡುವು ಜಾಸ್ತಿ. ಈಗೀಗ ತುಂಬ ಬರೆಯುತ್ತಿದ್ದೇನೆ.)

"ನಲವತ್ತೇಳು ನಮೂನಿ ಅವ," ಎಂದ ಧೂಳಪ್ಪ, ಕಾರ್ಡು ಮಡಚಿ. "ಇದರಾಗ ಯಾವದಂತ ಹುಡುಕ್ತಿ?"

"ಕೇಳ್ತೀನಿ."

"ಹೊರಗಿಂದು ಎಡಿಗಿ ನಡೀತದೇನ?"

"ಮನೀದು ನಡದದೇನ್ರಿ?"

ಧೂಳಪ್ಪ ಕಾರ್ಡನ್ನು ಡಬ್ಬಿಯ ಪಕ್ಕಕ್ಕೆ ಸರಿಸಿದ.

೨ (ಮತ್ತೆ)

ಇಲ್ಲಿ ಒಂದು ಹಾಸ್ಯದ ದೃಶ್ಯ ಬರೆದಿದ್ದೆ. ಹಳ್ಳಿಯ ದಂಪತಿ, ಫೋರ್ಕು, ನೂಡಲ್ಸು, ಜಾರುವುದು ಇತ್ಯಾದಿ. ನಿಮಗೆ ನಗು ಬರುತ್ತಿತ್ತು. ಬರೆಯುತ್ತಿದ್ದಾಗ ಸಕ್ಕುಬಾಯಿ ತಲೆಯೆತ್ತಿ ನನ್ನನ್ನು ನೋಡಿದಳು. ಹರಿದು ಹಾಕಿದೆ.

೩

ವೇಟರ್ ಬಂದ. ಸಾಯಬಣ್ಣ, ಅರವತ್ತು ಮುಟ್ಟಿದವನು, ಬಿಳಿ ಅಂಗಿ, ಕೊರಳಿಗೆ ಕಪ್ಪು ಬೋ. ದಿನಾ ಅಕ್ಕಲಕೋಟೆಯಿಂದ ಬಂದು ಹೋಗುತ್ತಾನೆ. ಮೂವತ್ತು ವರ್ಷ ಇದೇ ಹೋಟೆಲು. ಮರಾಠಿಯಲ್ಲಿ ಆರ್ಡರ್ ಕೇಳಿದವನು, ಇವರ ಮಾತು ಕಿವಿಗೆ ಬಿದ್ದ ಕೂಡಲೇ ಕನ್ನಡಕ್ಕೆ ಹೊರಳಿದ. ಸಕ್ಕುಬಾಯಿ ಸೆರಗಿನ ಗಂಟಿನಿಂದ ಮಗನ ಫೋಟೋ ತೆಗೆದಳು. ಆದರೆ ಸಾಯಬಣ್ಣನ ಕಣ್ಣು ಫೋಟೋದ ಮೇಲಿರಲಿಲ್ಲ.

"ಈ ಡಬ್ಬಿ ನಿಮ್ಮದೇನ್ರಿ ಅಕ್ಕಾರ?"

"ನಮ್ಮದ."

"ಮುಚ್ಚಳ ಒಂದ ಕಡೀಗಿ ಚಪ್ಪಟ ಆಗ್ಯದ. ಬಿಗೀ ಕೂಡಂಗಿಲ್ಲ."

"ಒಮ್ಮಿ ಬಸ್ಸಿನ್ಯಾಗಿಂದ ಬಿದ್ದಿತ್ತು. ನಿಮಗ ಹ್ಯಾಂಗ ಗೊತ್ತು?"

ಸಾಯಬಣ್ಣ ಕುರ್ಚಿ ಎಳೆದುಕೊಂಡು ಕೂತ. ಮೂವತ್ತು ವರ್ಷದಲ್ಲಿ ಗಿರಾಕಿಯ ಕುರ್ಚಿಯ ಮೇಲೆ ಅವನು ಕೂತದ್ದು ಇದೇ ಮೊದಲು. ಫೋಟೋ ಕೈಗೆ ತೆಗೆದುಕೊಂಡು ತುಂಬ ಹೊತ್ತು ನೋಡಿದ. ಹುಡುಗ ಸತ್ತದ್ದು ಸಕ್ಕುಬಾಯಿ ಹೇಳುವವರೆಗೆ ಅವನಿಗೆ ಗೊತ್ತಿರಲಿಲ್ಲ. ಕೆಲಸ ಬಿಟ್ಟು ಪುಣೆಗೆ ಹೋಗಿರಬೇಕು ಎಂದುಕೊಂಡಿದ್ದ.

ಓದುಗರೇ, ಸಕ್ಕುಬಾಯಿ ಮೂರು ವರ್ಷ ಪ್ರತಿದಿನ ಬೆಳಿಗ್ಗೆ ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಮೊದಲ ಬಸ್ಸಿನ ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ಆಕಾಶ ಸೋಲಾಪುರದ ಸ್ಟ್ಯಾಂಡಿನಲ್ಲಿ ಡಬ್ಬಿ ಇಳಿಸಿಕೊಳ್ಳುತ್ತಿದ್ದ. ಸಂಜೆ ಫೋನಿನಲ್ಲಿ "ಏನ ಉಂಡಿ?" ಅಂದರೆ, "ನೀ ಕಳಿಸಿದ್ದ ರೊಟ್ಟಿ ಉಂಡೀನಿ ಯವ್ವಾ" ಅನ್ನುತ್ತಿದ್ದ. ಡಬ್ಬಿ ಖಾಲಿಯಾಗಿಯೇ ವಾಪಸು ಬರುತ್ತಿತ್ತು.

"ಅಕ್ಕಾರ, ಬೈಬ್ಯಾಡ್ರಿ," ಎಂದ ಸಾಯಬಣ್ಣ. "ಈ ಡಬ್ಬಿ ದಿನಾ ನಾ ಉಂಡೀನಿ. ಅವ ಬರಾಂವ, ಇದನ್ನ ನನ್ನ ಕೈಯಾಗ ಕೊಡಾಂವ. 'ಕಾಕಾ, ನೀವು ರೊಟ್ಟಿ ಉಣ್ರಿ, ನನಗ ಒಳಗಿಂದು ಏನರ ಕೊಡ್ರಿ' ಅಂತಿದ್ದ. ನನಗೂ ಇಲ್ಲೀದು ಉಂಡು ಉಂಡು ಬ್ಯಾಸರಾಗಿತ್ತು. ಸ್ವಾಮವಾರ ಹೆಸರಕಾಳ ಪಲ್ಯ. ಗುರುವಾರ ಶೇಂಗಾ ಚಟ್ನಿ, ಬಳ್ಳೊಳ್ಳಿ ಜರಾ ಜಾಸ್ತಿ. ಸಂಕ್ರಾಂತಿಗಿ ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ. ಒಮ್ಮಿ ಪಂಚಮಿ ಮುಂದ ಪಲ್ಯಾಕ ಉಪ್ಪ ಹಾಕೂದು ಮರತಿದ್ರಿ."

"ಹೌದು. ಅವತ್ತ ಜ್ವರಾ ಬಂದಿದ್ದೂ ನನಗ." ಸಕ್ಕುಬಾಯಿ ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡಳು. ಮೂರು ವರ್ಷದ ರೊಟ್ಟಿ ಯಾರದೋ ಹೊಟ್ಟೆಗೆ ಹೋಗಿತ್ತು. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಮಗನ ಮೇಲೆ ಅದಕ್ಕಿಂತ ಹೆಚ್ಚು ಬಂತು. ಸತ್ತವನ ಮೇಲೆ ಸಿಟ್ಟಾದೆನಲ್ಲ ಎಂದು ತನ್ನ ಮೇಲೂ ಬಂತು. ಎಲ್ಲವನ್ನೂ ನುಂಗಿಕೊಂಡು ಕೇಳಬೇಕಾದ್ದನ್ನು ಕೇಳಿದಳು. "ಇರ್ಲಿ. ಅವ ಏನ ಉಂತಿದ್ದ? ಅದಷ್ಟ ಹೇಳ್ರಿ."

ಸಾಯಬಣ್ಣ ಫೋಟೋ ಅವಳ ಮುಂದಿಟ್ಟ.

"ಆಠವಣ ಆಗವಲ್ದ್ರಿ, ನೆನಪಿಗಿ ಬರವಲ್ದು."

"ಮೂರ ವರ್ಷ ನೀವ ಕೊಟ್ಟೀರಿ."

"ಕೊಟ್ಟೀನ್ರಿ. ಆ ಹೊತ್ತಿಗಿ ಏನ ಆಗಿರ್ತದೋ ಅದು. ಅವ ಇದ ಬೇಕು ಅನ್ನಲಿಲ್ಲ, ಇದ ಬ್ಯಾಡ ಅನ್ನಲಿಲ್ಲ. ನಾ ಡಬ್ಬಿ ಬಿಚ್ಚಿ ಆ ಕಡೆ ಮಾರಿ ಮಾಡಿ ಕೂಡತಿದ್ದೆ." ಅವನು ಕೊರಳಿನ ಬೋ ಕಿತ್ತು ಟೇಬಲ್ಲಿನ ಮೇಲಿಟ್ಟ. "ನಾ ಉಂಡಿದ್ದು ಅಷ್ಟೂ ನೆನಪದ ಅಕ್ಕಾರ. ಅವ ಉಂಡಿದ್ದು ನಾ ನೋಡೇ ಇಲ್ಲ."

(ನೀವೀಗ ನನ್ನ ಕಡೆ ನೋಡುತ್ತಿದ್ದೀರಿ. ಬರೆಯುವವನಿಗಾದರೂ ಗೊತ್ತಿರಬೇಕಲ್ಲ ಎಂದು. ಇಲ್ಲ. ನನಗೂ ಗೊತ್ತಿಲ್ಲ. ಅವನಿಗೆ ಹೆಸರು ಇಟ್ಟೆ, ಕೆಲಸ ಕೊಟ್ಟೆ, ಸಾವು ಕೊಟ್ಟೆ. ಏನು ತಿನ್ನುತ್ತಿದ್ದ ಎಂದು ಯೋಚಿಸಲೇ ಇಲ್ಲ.)

೪

ಸಾಯಬಣ್ಣ ಒಳಗೆ ಹೋಗಿ, ಯಾರೂ ರುಚಿ ನೋಡಕೂಡದು ಎಂದು ಅಡುಗೆಯವರಿಗೆ ತಾಕೀತು ಮಾಡಿ, ಒಂದೊಂದಾಗಿ ತಂದಿಟ್ಟ. ಹಕ್ಕಾ ನೂಡಲ್ಸ್. ಶೆಜ್ವಾನ್ ಫ್ರೈಡ್ ರೈಸ್. ಮಂಚೂರಿಯನ್, ಒಣದು ಬೇರೆ, ಗ್ರೇವಿ ಬೇರೆ. ಚಿಲ್ಲಿ ಚಿಕನ್. ಮಂಚಾವ್ ಸೂಪ್. ಅಮೆರಿಕನ್ ಚಾಪ್ಸಿ. (ಚೈನೀಸ್ ಹೋಟೆಲಿಗೆ ಅಮೆರಿಕನ್ ಹೇಗೆ ಬಂತು ಎಂದು ಕೇಳಬೇಡಿ. ಮಹಾರಾಷ್ಟ್ರಕ್ಕೆ ಕನ್ನಡ ಮಾಸ್ತರ ಬಂದ ಹಾಗೆ.) ಆರನೇ ನಂಬರಿನ ಟೇಬಲ್ಲು ಸಾಲದೆ ಏಳನೆಯದನ್ನು ಕೂಡಿಸಿದರು.

ಬೆಳಗಿನಿಂದ ಏನೂ ತಿನ್ನದ ಇಬ್ಬರು, ಎರಡು ಟೇಬಲ್ ಊಟದ ಮುಂದೆ ಕೈ ಕಟ್ಟಿ ಕೂತಿದ್ದರು. ಮೀಸಲು, ಮುಟ್ಟುವ ಹಾಗಿಲ್ಲ. ಸಕ್ಕುಬಾಯಿ ಒಂದೊಂದು ಬಟ್ಟಲಿನ ಮೇಲೂ ಬಾಗಿ ವಾಸನೆ ಹಿಡಿದಳು. ಮಗ ದೀಪಾವಳಿಗೆ ಬಂದಾಗ ಅವನ ಅಂಗಿ ಒಗೆದಿದ್ದಳಲ್ಲ, ಆ ಅಂಗಿಯ ವಾಸನೆ ಯಾವುದಾದರೂ ಒಂದರಲ್ಲಿ ಇರಬೇಕು. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಇದ್ದ ಹಾಗಾಯಿತು, ಯಾವುದರಲ್ಲೂ ಪೂರ್ತಿ ಇರಲಿಲ್ಲ. ಹಬೆ ಆರಿತು. ಗ್ರೇವಿಯ ಮೇಲೆ ಕೆನೆಗಟ್ಟಿತು.

"ಎಲ್ಲಾ ಒಂದೊಂದ ಚೂರು ಡಬ್ಬ್ಯಾಗ ಹಾಕ್ಕೊ," ಎಂದ ಧೂಳಪ್ಪ ಮೆಲ್ಲಗೆ. "ಯಾವದರ ಒಂದು ಹತ್ತತದ."

"ಹಂಗ ಇಟ್ರ, ಅವ್ವಗ ಗೊತ್ತಿಲ್ಲ ಅಂತ ಅವಗ ತಿಳೀತದರಿ."

ಧೂಳಪ್ಪ ಕಂಬಳಿಯ ಅಂಚು ಮುಖಕ್ಕೆ ಹಿಡಿದುಕೊಂಡ.

೫

ಇನ್ನು ಸುಮ್ಮನಿರಲು ಆಗಲಿಲ್ಲ. ಒಂದು ಮುಕ್ತಾಯ ಬರೆದೆ: ಸಕ್ಕುಬಾಯಿ ಸಾಯಬಣ್ಣನಿಗೆ, "ಮೂರು ವರ್ಷ ನನ್ನ ಕೈಯ ರೊಟ್ಟಿ ಉಂಡವನು ನೀನು, ನೀನು ಉಂಡರೆ ನನ್ನ ಮಗ ಉಂಡ ಹಾಗೆ" ಎಂದು ಕೈತುತ್ತು ಕೊಡುತ್ತಾಳೆ. ಎಲ್ಲರ ಕಣ್ಣಲ್ಲೂ ನೀರು. ಸಂಪಾದಕರಿಗೆ ತುಂಬ ಹಿಡಿಸುವಂಥದ್ದು.

"ಮಾಸ್ತರ್ರ," ಎಂದಳು ಸಕ್ಕುಬಾಯಿ. ನೇರವಾಗಿ ನನಗೇ. "ಇವರು ಉಂಡ್ರ ಇವರ ಹೊಟ್ಟಿ ತುಂಬತದ. ನಂದು ನನ್ನ ಮಗನ ಹೊಟ್ಟೀದು ಮಾತು."

"ಹಾಗಾದರೆ ನಾಳೆ ಕಾಗೆ ಬರುತ್ತದೆ ಎಂದು ಬರೆಯುತ್ತೇನೆ. ಏನೇ ಇಡಿ, ಬಂದು ಮುಟ್ಟುತ್ತದೆ. ನನ್ನ ಕೈಯಲ್ಲಿದೆ."

"ನಿಮ್ಮ ಕೈಯಾಗಿನ ಕಾಗಿ ನಂಗ್ಯಾಕ್ರಿ? ಅದು ನೀವು ಕರದ್ರ ಬರ್ತದ. ಅವ ಹಸದಾನೋ ಇಲ್ಲೋ ಅದಕ್ಕೇನ ಗೊತ್ತು?" ಅವಳು ಖಾಲಿ ಡಬ್ಬಿಯನ್ನು ಬದಿಗೆ ಸರಿಸಿದಳು. "ಒಂದ ಕೇಳ್ತೀನಿ. ಅವನ್ನ ಹ್ಯಾಂಗ ಸಾಯಿಸಿದ್ರಿ?"

ಹೇಳಲು ನಾಚಿಕೆಯಾಯಿತು. ಬೇಗ ಯಾರನ್ನಾದರೂ ಸಾಯಿಸಬೇಕಾದಾಗ ಕಥೆಗಾರರು ಮಾಡುವುದನ್ನೇ ಮಾಡಿದ್ದೆ. ಹೈವೇ, ಟ್ರಕ್ಕು, ಅರ್ಧ ಸಾಲು.

"ಅರ್ಧ ಸಾಲು," ಎಂದಳು ಅವಳು. "ನಾ ಅವನ್ನ ಇಪ್ಪತ್ನಾಕು ವರ್ಷ ಬೆಳಿಸೀನ್ರಿ."

(ನಿಜ ಹೇಳಿಬಿಡುತ್ತೇನೆ. ಹೋದ ತಿಂಗಳು ಆ ಹೋಟೆಲಿನಲ್ಲಿ ನಾನು ಊಟಕ್ಕೆ ಕೂತಿದ್ದಾಗ, ಪಕ್ಕದ ಟೇಬಲ್ಲಿನಲ್ಲಿ ಕಂಬಳಿಯ ಗಂಡಸು, ಸೆರಗು ಹೊದ್ದ ಹೆಂಗಸು ಕೂತಿದ್ದರು. ನಡುವೆ ಒಂದು ಖಾಲಿ ಡಬ್ಬಿ. ಹೆಂಗಸು ಸದ್ದಿಲ್ಲದೆ ಅಳುತ್ತಿದ್ದಳು. ಮುಂದಿನ ಊಟವನ್ನು ಇಬ್ಬರೂ ಮುಟ್ಟಲಿಲ್ಲ. ಏನಾಯಿತು ತಾಯಿ ಎಂದು ಒಂದು ಮಾತು ಕೇಳಬಹುದಿತ್ತು. ಕನ್ನಡ ಆಡುತ್ತಿದ್ದರು, ನನ್ನ ಭಾಷೆಯೇ. ಕೇಳಲಿಲ್ಲ. ತಟ್ಟೆ ಖಾಲಿ ಮಾಡಿ, ಕೈ ತೊಳೆದುಕೊಂಡು, ಅಕ್ಕಲಕೋಟೆಯ ಬಸ್ಸು ಹತ್ತಿದೆ. ಮನೆಗೆ ಬಂದು ಅವರಿಗೊಬ್ಬ ಸತ್ತ ಮಗನನ್ನು ಮಾಡಿಕೊಟ್ಟೆ. ಒಬ್ಬ ಮನುಷ್ಯನಾಗಿ ಇದಕ್ಕಿಂತ ಕೆಟ್ಟ ಕೆಲಸ ನಾನು ಮಾಡಿದ್ದು ನೆನಪಿಲ್ಲ.)

"ಜೀವಂತ ಬರೀರಿ," ಎಂದಳು ಸಕ್ಕುಬಾಯಿ. "ಒಂದ ಸಲ. ಒಳಗ ಬರ್ಲಿ, ಕುಂತು, ಏನ ಬೇಕಂತ ಹೇಳ್ಲಿ. ಕೇಳ್ಕೊಂಡ ಹೋಗ್ತೀನಿ."

ಆರನೆಯದು, ಇದಕ್ಕೆ ನಂಬರ್ ಹಾಕಲು ಧೈರ್ಯವಿಲ್ಲ

ಬಾಗಿಲು ತೆರೆಯಿತು. ಮೂಗಿಲ್ಲದ ಡ್ರ್ಯಾಗನ್ನಿನ ಪಕ್ಕದಿಂದ ಆಕಾಶ ಒಳಗೆ ಬಂದ. ಟೈರಿನ ಮಸಿ ಹತ್ತಿದ ಕೈ, ಕೊರಳಲ್ಲಿ ಕುರಿಗಾರರ ದೇವರು ಬೀರೋಬನ ತಾಯಿತ. ಅಪ್ಪ ಅವ್ವನನ್ನು ಇಲ್ಲಿ ನೋಡಿ ಗಾಬರಿಯಾದ, ಆಮೇಲೆ ನಕ್ಕ. ಸಕ್ಕುಬಾಯಿ ಎದ್ದು ನಿಂತಳು, ಮುಟ್ಟಲಿಲ್ಲ. ಮುಟ್ಟಿದರೆ ಅಳಿಸಿ ಹೋದಾನು ಎಂದು ಹೆದರಿದ್ದಳು. ಧೂಳಪ್ಪ ಕಂಬಳಿ ಎತ್ತಿ ಕುರ್ಚಿಯಲ್ಲಿ ಜಾಗ ಮಾಡಿಕೊಟ್ಟ. ಸಾಯಬಣ್ಣ ಬೋ ಕಟ್ಟಿಕೊಂಡು ಬಂದು ನಿಂತು, "ಏನ ತರ್ಲೆಪಾ?" ಎಂದ.

ಸಕ್ಕುಬಾಯಿ ಡಬ್ಬಿಯ ಮುಚ್ಚಳ ತೆಗೆದು ಹಿಡಿದಳು. "ಹೇಳಪಾ. ಇಲ್ಲಿ ಏನ ಉಂತಿದ್ದಿ? ನಾ ಸಿಟ್ಟಾಗೂದಿಲ್ಲ."

ಆಕಾಶ ಡಬ್ಬಿಯನ್ನು ನೋಡಿದ, ಸಾಯಬಣ್ಣನನ್ನು ನೋಡಿದ, ಅವ್ವನ ಮುಖ ನೋಡಿದ. ಅವಳ ಮನಸ್ಸು ನೋಯಬಾರದು ಎಂದು ದಿನಾ ಫೋನಿನಲ್ಲಿ ಅನ್ನುತ್ತಿದ್ದ ದನಿಯಲ್ಲೇ ಅಂದ:

"ಊಟಾ ಆಗೇದ ಯವ್ವಾ. ನೀ ಕಳಿಸಿದ್ದ ರೊಟ್ಟಿ ಉಂಡೀನಿ."

ಬರೆದದ್ದನ್ನು ಹೊಡೆದು ಹಾಕಿದೆ. ಮತ್ತೆ ಬರೆದೆ. ಸಾಯಬಣ್ಣನನ್ನು ಒಳಗೆ ಕಳಿಸಿ ಬರೆದೆ, ಡಬ್ಬಿಯನ್ನು ಬಚ್ಚಿಟ್ಟು ಬರೆದೆ. ಪ್ರತಿ ಸಲವೂ ಅವನು ಬರುತ್ತಾನೆ, ನಗುತ್ತಾನೆ, ರೊಟ್ಟಿ ಉಂಡೀನಿ ಅನ್ನುತ್ತಾನೆ. ನನ್ನ ಪೆನ್ನು ಅವನನ್ನು ಸಾಯಿಸಬಲ್ಲದು, ಎಬ್ಬಿಸಬಲ್ಲದು. ಅವ್ವನ ಮುಂದೆ ಖರೆ ಹೇಳಿಸಲು ಅದರಿಂದ ಆಗುತ್ತಿಲ್ಲ.

"ಸಾಕು ಸಕ್ಕುಬಾಯಿ," ಎಂದೆ. "ಅವನು ಹೇಳುವುದಿಲ್ಲ. ಬಸ್ಸಿಗೆ ಹೊತ್ತಾಯಿತು. ನಾಳೆಯ ಎಡೆಗೆ ಏನಾದರೊಂದು ಆರಿಸಿಕೊಳ್ಳಿ, ಕಥೆ ಮುಗಿಸುತ್ತೇನೆ."

ಅವಳು ಎರಡು ಟೇಬಲ್ಲುಗಳ ಊಟದ ಕಡೆ ನೋಡಲಿಲ್ಲ. ಬಾಗಿಲನ್ನು ನೋಡುತ್ತಿದ್ದಳು.

"ಮುಗಸಬ್ಯಾಡ್ರಿ. ಇನ್ನೊಮ್ಮಿ ಬರೀರಿ."

"ಮತ್ತೆ ಸುಳ್ಳೇ ಹೇಳುತ್ತಾನೆ."

"ಹೇಳ್ಲಿ ಬಿಡ್ರಿ ಮಾಸ್ತರ್ರ. ಬರ್ತಾನಲ್ಲ."

ಬಾಗಿಲು ತೆರೆಯಿತು. ಮೂಗಿಲ್ಲದ ಡ್ರ್ಯಾಗನ್ನಿನ ಪಕ್ಕದಿಂದ ಆಕಾಶ ಒಳಗೆ ಬಂದ. ಧೂಳಪ್ಪ ಕಂಬಳಿ ಎತ್ತಿದ. ಸಾಯಬಣ್ಣ ಬೋ ಕಟ್ಟಿಕೊಂಡು ಬಂದು ನಿಂತು, "ಏನ ತರ್ಲೆಪಾ?" ಎಂದ. ಸಕ್ಕುಬಾಯಿ ಡಬ್ಬಿಯ ಮುಚ್ಚಳ ತೆಗೆದು ಹಿಡಿದಳು.