ಚನ್ನವೀರನ ಶೀಶೆ

ಪ್ರಣೀತಾ ಗಂಡನನ್ನು ಬೈಯುವುದು ಕೇಳಿದಾಗಲೆಲ್ಲ ತ್ರಿವೇಣಿ ಕೈಯಲ್ಲಿದ್ದ ಕೆಲಸ ಬಿಟ್ಟು ಕಿವಿಗೊಡುತ್ತಿದ್ದಳು.

"ಗಂಜಿ ಬೇಡಂತೆ ಇವರಿಗೆ. ಕಾಲಲ್ಲಿ ಕೀವು, ಬಾಯಿಗೆ ಮಾತ್ರ ಬಂಗುಡೆ ಮೀನು ಬೇಕು! ಎಂತ ಮಾಡುದು ಅಕ್ಕ, ನೀವೇ ಹೇಳಿ."

ಪ್ರಯೋಗಾಲಯದ ಹೊರಗಿನ ಬೆಂಚು ಪ್ರಣೀತಾಳದೇ ಆಗಿಬಿಟ್ಟಿತ್ತು. ಆಸ್ಪತ್ರೆಯ ಹಿಂಬದಿಯ ಆ ಓಣಿಗೆ ರೋಗಿಗಳ ಕಡೆಯವರು ಯಾರೂ ಬರುತ್ತಿರಲಿಲ್ಲ. ಅವಳು ಮಾತ್ರ ದಿನಾ ಬಂದು, ಒಳಗೆ ಕೆಲಸ ಮಾಡುವ ತ್ರಿವೇಣಿಯನ್ನು ಔಷಧಿ ಏನಾದರೂ ಸಿಕ್ಕಿತಾ ಎಂದು ಕೇಳಿ, ಉತ್ತರ ಬರುವ ಮೊದಲೇ ಗಂಡನ ಮೇಲಿನ ದೂರು ಶುರು ಮಾಡುತ್ತಿದ್ದಳು. ಗಂಡ ಸುಖೇಶ್‌ಗೆ ಧನಕವಡಿಯಲ್ಲಿ ಹೋಟೆಲು. ಕಾತ್ರಜ್ ಘಾಟಿಯಲ್ಲಿ ಬೈಕು ಜಾರಿ ಕಾಲು ಮುರಿದು, ಸರಳು ಹಾಕಿಸಿಕೊಂಡು ಎಂಟು ತಿಂಗಳಾಗಿತ್ತು. ಮೂಳೆಯಲ್ಲಿ ಕೂತ ಬ್ಯಾಕ್ಟೀರಿಯಾ ಯಾವ ಔಷಧಿಗೂ ಜಗ್ಗಿರಲಿಲ್ಲ. ಇನ್ನು ಮೂರು ವಾರದಲ್ಲಿ ಕಾಲು ತೆಗೆಯುವುದೆಂದು ತೀರ್ಮಾನವಾಗಿತ್ತು.

ತ್ರಿವೇಣಿಯ ಗಂಡ ಚನ್ನವೀರನಿಗೂ ಅದೇ ಕಾಲು, ಅದೇ ಬ್ಯಾಕ್ಟೀರಿಯಾ. ಎರಡು ವರ್ಷದ ಹಿಂದೆ ನಿಗಡಿಯ ಮನೆಯಿಂದ ಸ್ಕೂಟರಿನಲ್ಲಿ ಹೊರಟವನು ಬಿದ್ದ. ನಾಲ್ಕು ತಿಂಗಳು ನರಳಿ ಹೋದ. ಅವಳು ಅತ್ತಿರಲಿಲ್ಲ. ಬಂದ ಜನ ಅದನ್ನು ಧೈರ್ಯ ಎಂದರು. ಹದಿಮೂರನೆಯ ದಿನ ಕಳೆದ ಮೇಲೆ ಅವಳು ಕೆಲಸಕ್ಕೆ ಮರಳಿದಳು.

ಕೆಲಸವೆಂದರೆ ಮೋರಿ ನೀರಿನದು. ಬ್ಯಾಕ್ಟೀರಿಯಾವನ್ನೇ ಹಿಡಿದು ಕೊಲ್ಲುವ ವೈರಾಣುಗಳಿವೆ, ಫೇಜ್ ಎಂದು ಹೆಸರು. ಮನುಷ್ಯನ ತಂಟೆಗೆ ಬರುವುದಿಲ್ಲ. ತಮಗೆ ಒಗ್ಗಿದ ಬ್ಯಾಕ್ಟೀರಿಯಾದೊಳಗೆ ಹೊಕ್ಕು, ಅಲ್ಲೇ ನೂರಾಗಿ, ಅದನ್ನು ಒಡೆದುಕೊಂಡು ಹೊರಬರುತ್ತವೆ. ಹೊಲಸು ಇದ್ದಲ್ಲಿ ಅವೂ ಇರುತ್ತವೆ. ಚನ್ನವೀರ ಮಲಗಿದ್ದಾಗ ಅವಳು ಹದಿನಾಲ್ಕು ಕಡೆಯ ನೀರು ತಂದು ಅವನ ಬ್ಯಾಕ್ಟೀರಿಯಾದ ಮೇಲೆ ಹಾಕಿ ನೋಡಿದ್ದಳು. ಒಂದರಲ್ಲೂ ಅದನ್ನು ಕೊಲ್ಲುವ ಫೇಜ್ ಸಿಗಲಿಲ್ಲ. ಅವನು ಹೋದ ಎರಡು ತಿಂಗಳಿಗೆ ಖಡಕಿಯ ಮೋರಿಯೊಂದರಲ್ಲಿ ಕೊಲ್ಲುವಂಥದ್ದು ಸಿಕ್ಕಿತು.

ಅದೇ ಫೇಜ್ ಈಗ ಸುಖೇಶ್‌ನ ಬ್ಯಾಕ್ಟೀರಿಯಾವನ್ನೂ ಕೊಂದಿತು.

ಪ್ರಯೋಗಾಲಯದ ಹಿರಿಯ ವಿಜ್ಞಾನಿ ಅವಧೂತ ಸರ್, ವಿಜಯಪುರ ಕಡೆಯವರು, ಬ್ಯಾಕ್ಟೀರಿಯಾ ಬೆಳೆಸಿದ ಪ್ಲೇಟನ್ನು ಬೆಳಕಿಗೆ ಹಿಡಿದರು. ಮಬ್ಬಾಗಿ ಹರಡಿದ್ದ ಬ್ಯಾಕ್ಟೀರಿಯಾದ ನಡುವೆ ದುಂಡಗಿನ ತೂತುಗಳು, ಗಾಜಿನಷ್ಟು ತಿಳಿ.

"ನೋಡಿಲ್ಲೆ ತ್ರಿವೇಣಿ, ಕಿಡಕಿ ತೆಗದಂಗ ಆಗ್ಯದ! ಆದ್ರ ಇಂವನ ಬ್ಯಾಕ್ಟೀರಿಯಾದಾಗ ಫೇಜ್ ಬೆಳಸೂದು ಆಗೂದಿಲ್ಲ. ಇದರ ಹೊಟ್ಟ್ಯಾಗ ಬ್ಯಾರೆ ವೈರಾಣು ಅಡಗಿ ಕೂತಾವ, ಔಷಧದಾಗ ಅವೂ ಕೂಡತಾವ. ಸ್ವಚ್ಛ ಇದ್ದದ್ದು ಒಂದ ಅದ." ಅವರು ಪ್ಲೇಟನ್ನು ಕೆಳಗಿಟ್ಟರು. "ನಿಮ್ಮ ಮನಿಯವರದು. ಅದ ಅಲ್ಲ, ಫ್ರೀಜರಿನಾಗ?"

ಇತ್ತು. ಮೈನಸ್ ಎಂಬತ್ತು ಡಿಗ್ರಿಯಲ್ಲಿ, ಕೆಳಗಿನ ಖಾನೆಯಲ್ಲಿ, ಅದೇ ಬ್ಯಾಕ್ಟೀರಿಯಾ ತುಂಬಿದ ಹೆಬ್ಬೆರಳಿನಷ್ಟು ಶೀಶೆ. ಚನ್ನವೀರನ ಮೈಯಿಂದ ಬಂದದ್ದರಲ್ಲಿ ಇನ್ನೂ ಜೀವಂತ ಇದ್ದದ್ದು ಅದೊಂದೇ. ಅವನನ್ನು ಕೊಂದದ್ದೂ ಅದೇ. ತಂತಿಯ ಲೂಪಿನ ತುದಿಗೆ ಅಂಟುವಷ್ಟು ತೆಗೆದರೆ ಸಾಕು, ಶೀಶೆ ಖಾಲಿಯಾಗುವುದಿಲ್ಲ ಎಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ.

"ಅದು ಸತ್ತದ್ರಿ ಸರ್," ಎಂದಳು.

"ಪ್ಲೇಟಿಗೆ ಹಾಕಿ ನೋಡಿದಿಯೇನು?"

"ಇಲ್ರಿ."

"ಹಾಕದ ಹೆಂಗ ಸತ್ತದ ಅಂತಿ? ಇವತ್ತ ಹಾಕು."

ಮಧ್ಯಾಹ್ನ ಅವಳು ಶೀಶೆ ತೆಗೆದಳು. ತಂತಿಯ ಲೂಪನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಮೇಲೆ ಹತ್ತು ಎಣಿಸುವವರೆಗೆ ಆರಿಸಬೇಕು. ಇಲ್ಲವಾದರೆ ಮುಟ್ಟಿದ ಬ್ಯಾಕ್ಟೀರಿಯಾ ಅಲ್ಲೇ ಬೇಯುತ್ತದೆ. ಮೊದಲ ವಾರ ಕೆಲಸ ಕಲಿಯುವವರು ಮಾಡುವ ತಪ್ಪು. ಓಣಿಯಿಂದ ಪ್ರಣೀತಾಳ ದನಿ ಬರುತ್ತಿತ್ತು. ಫೋನಿನಲ್ಲಿ ಗಂಡನಿಗೇ ಇರಬೇಕು: "ನಾನು ಸತ್ತರೂ ನಿಮಗೆ ಟಿವಿ ರಿಮೋಟೇ ಮುಖ್ಯ!" ತ್ರಿವೇಣಿ ಎಣಿಸಲಿಲ್ಲ. ಲೂಪು ಚುಂಯ್ ಎಂದಿತು.

ಮರುದಿನ ಪ್ಲೇಟು ಬರಿದಾಗಿತ್ತು. ಅವಧೂತ ಸರ್ ಅದನ್ನು ಓರೆಯಾಗಿ ಹಿಡಿದು ನೋಡಿದರು. ಲೂಪು ಎಳೆದ ಗೆರೆಯಲ್ಲಿ ಜೆಲ್ಲಿಯಂಥ ಅಗರ್ ಕರಗಿ ಗಾಯದ ಕಲೆಯಂತೆ ಹೊಳೆಯುತ್ತಿತ್ತು.

"ಲೂಪ್ ಆರಿರಲಿಲ್ಲೇನವಾ?"

ಅವಳು ಲೂಪನ್ನು ಒರೆಸಿ ಸ್ಟ್ಯಾಂಡಿಗೆ ಸಿಕ್ಕಿಸಿದಳು.

"ಗಡಿಬಿಡ್ಯಾಗ ಆಗ್ತದ. ಇನ್ನೊಮ್ಮೆ ಹಾಕು," ಎಂದು ಅವರು ಪ್ಲೇಟನ್ನು ಕಸಕ್ಕೆ ಹಾಕಿದರು. ಅವರಿಗೆ ಅನುಮಾನ ಬರಲಿಲ್ಲವೋ, ಬಂದದ್ದನ್ನು ನುಂಗಿಕೊಂಡರೋ ಅವಳಿಗೆ ತಿಳಿಯಲಿಲ್ಲ.

ಅವತ್ತು ಪ್ರಣೀತಾ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಳು.

"ವಿಷ ರಕ್ತಕ್ಕೆ ಹೋಗಿದೆಯಂತೆ ಅಕ್ಕ. ಕಾಲು ತೆಗೆದರೂ ಹೇಳ್ಲಿಕ್ಕೆ ಆಗುದಿಲ್ಲ ಅಂತ ಡಾಕ್ಟ್ರು. ಮನೆ ತುಂಬ ಜನ ಬಂದು ಕೂತಿದ್ದಾರೆ. ಅತ್ತೆ, ನಾದಿನಿಯರು, ಉಡುಪಿಯಿಂದ ಮಾವಂದಿರು. ನಲವತ್ತು ಜನ! ಎಲ್ಲ ಅಳ್ಲಿಕ್ಕೆ ತಯಾರಾಗಿಯೇ ಬಂದಿದ್ದಾರೆ. ಇವರಿಗೆ ಇನ್ನೂ ಜೀವ ಉಂಟು ಮಾರಾಯ್ತಿ!"

ಹೇಳಿದವಳೇ ನಗಲು ಹೋಗಿ ಅತ್ತುಬಿಟ್ಟಳು. ಸಣ್ಣ ಅಳುವಲ್ಲ. ಮೂಗು, ಬಾಯಿ, ಹೆಗಲು ಎಲ್ಲವೂ ಅಳುತ್ತಿದ್ದವು. ಓಣಿಯ ಕೊನೆಯಲ್ಲಿದ್ದ ಕಾವಲಿನವನು ಎದ್ದು ನಿಂತು, ಏನಾಯಿತೆಂದು ಮರಾಠಿಯಲ್ಲಿ ಕೇಳಿದ, "ಕಾಯ್ ಝಾಲಂ ತಾಯಿ?"

ತ್ರಿವೇಣಿ ನೋಡುತ್ತಲೇ ನಿಂತಳು. ಸುಖೇಶ್ ಹೋದರೆ ಏನಾದೀತೆಂದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಇವಳು ಹೀಗೆಯೇ ಅಳುವಳು. ನಲವತ್ತು ಜನ ಸುತ್ತ ಕೂತು ಅಳುವರು. ವರ್ಷವಿಡೀ ಅವನ ಬಂಗುಡೆಯ ಕತೆ ಹೇಳಿ ಹೇಳಿ ಅಳುವಳು. ಗಂಡನಿದ್ದಾಗ ಬೈದು ಸುಖಪಟ್ಟವಳು, ಗಂಡ ಹೋದ ಮೇಲೆ ಅತ್ತು ಹಗುರಾಗುವಳು. ನೋಡಿದವರು, ಇದಪ್ಪಾ ದುಃಖ ಎನ್ನುವರು. ಆಗ ತ್ರಿವೇಣಿಯ ಪಾಲಿಗೆ ಉಳಿಯುವುದೇನು? ಚನ್ನವೀರ ಹೋದಾಗಿನಿಂದ ಅವಳ ಕೈಯಲ್ಲಿದ್ದದ್ದು ಅದೊಂದೇ: ಈ ಬ್ಯಾಕ್ಟೀರಿಯಾಕ್ಕೆ ಗಂಡನನ್ನು ಕೊಟ್ಟವಳು ತಾನೊಬ್ಬಳೇ ಎಂಬುದು. ಅದರಲ್ಲೂ ಇವಳಿಗೆ ಪಾಲು ಕೊಡಬೇಕೆ?

ಬೇಡ. ಬೈಗುಳ ಇವಳದು, ಗಂಡ ಇವಳವನು. ಈ ದುಃಖವೊಂದು ಮಾತ್ರ ಇವಳಿಗೆ ಸಿಗಬಾರದು.

ಅವಳು ಒಳಗೆ ಹೋಗಿ, ಕೈಗವಸು ತೊಟ್ಟು, ಲೂಪು ಕಾಯಿಸಿದಳು. ಹತ್ತಲ್ಲ, ಇಪ್ಪತ್ತು ಎಣಿಸಿದಳು.

ಬೆಳಿಗ್ಗೆ ಪ್ಲೇಟಿನ ತುಂಬ ಬ್ಯಾಕ್ಟೀರಿಯಾ ಎದ್ದಿತ್ತು, ಕೆನೆಯ ಬಣ್ಣ, ಹಟಮಾರಿ. ಮಧ್ಯಾಹ್ನದ ಹೊತ್ತಿಗೆ ಅದನ್ನು ಫ್ಲಾಸ್ಕಿನಲ್ಲಿ ಮಜ್ಜಿಗೆಯಷ್ಟು ಮಬ್ಬಾಗಿ ಬೆಳೆಸಿ ಫೇಜ್ ಹಾಕಿದಳು. ಮೂರು ತಾಸು ಅಲ್ಲಾಡುವ ಯಂತ್ರದ ಮುಂದಿನಿಂದ ಏಳಲಿಲ್ಲ. ಮೊದಲ ಎರಡು ತಾಸು ಏನೂ ಇಲ್ಲ. ಆಮೇಲೆ ಮಬ್ಬು ತೆಳ್ಳಗಾಯಿತು, ಹರಿಯಿತು, ಕೊನೆಗೆ ಫ್ಲಾಸ್ಕಿನ ಆಚೆಗಿದ್ದ ಗಡಿಯಾರದ ಮುಳ್ಳು ಕಂಡಿತು. ಚನ್ನವೀರನನ್ನು ತಿಂದದ್ದು ಕಣ್ಣೆದುರೇ ಒಡೆದು ನೀರಾಗಿತ್ತು. ಮೂರು ತಾಸು. ಅಷ್ಟೇ ಬೇಕಿತ್ತು. ಅವಳು ಫ್ಲಾಸ್ಕನ್ನು ಕೈಯಲ್ಲಿ ಹಿಡಿದಳು. ಬೆಚ್ಚಗಿತ್ತು.

ಫೇಜನ್ನು ಶುದ್ಧ ಮಾಡಲು ಒಂದು ವಾರ ಹಿಡಿಯಿತು. ಆಸ್ಪತ್ರೆಯ ಸಮಿತಿಯ ಅನುಮತಿಗೆ ಅವಧೂತ ಸರ್ ಊಟ ಬಿಟ್ಟು ಓಡಾಡಿದರು. ಔಷಧ ಸುಖೇಶ್‌ನ ರಕ್ತಕ್ಕೂ ಹೋಯಿತು, ಗಾಯಕ್ಕೂ ಹೋಯಿತು. ಐದನೆಯ ದಿನ ಜ್ವರ ಇಳಿಯಿತು. ಕಾಲು ತೆಗೆಯುವ ದಿನವನ್ನು ಮುಂದಕ್ಕೆ ಹಾಕಿದರು. ಆಮೇಲೆ ಆ ಮಾತನ್ನೇ ಬಿಟ್ಟರು.

ಎರಡು ತಿಂಗಳ ಮೇಲೆ ಗಂಡ ಹೆಂಡತಿ ಇಬ್ಬರೂ ಪ್ರಯೋಗಾಲಯದ ಬಾಗಿಲಿಗೆ ಬಂದರು. ಸುಖೇಶ್‌ನ ಒಂದು ಕೈ ಊರುಗೋಲಿನ ಮೇಲಿತ್ತು. ಇನ್ನೊಂದನ್ನು ಪ್ರಣೀತಾ ಹಿಡಿದುಕೊಂಡಿದ್ದಳು. ತ್ರಿವೇಣಿ ಅವನ ಮುಖ ನೋಡಲಿಲ್ಲ, ಕಾಲು ನೋಡಿದಳು. ಎರಡಿದ್ದವು.

"ಮೇಡಂ, ಸರ್ ಹೇಳಿದ್ರು," ಎಂದ ಸುಖೇಶ್, "ಯಾರೋ ಬೇರೆ ಪೇಷೆಂಟಿನ ಬ್ಯಾಕ್ಟೀರಿಯಾದಲ್ಲಿ ನನ್ನ ಔಷಧ ಬೆಳೆಸಿದ್ದಂತೆ. ಅವರು ಯಾರು? ಗುಣ ಆಯ್ತಾ ಅವರಿಗೆ? ಒಮ್ಮೆ ನೋಡಿ ಬರ್ಬೇಕಿತ್ತು."

ಅವಧೂತ ಸರ್ ತಮ್ಮ ಮೇಜಿನಿಂದ ತಲೆಯೆತ್ತಿದರು.

"ನನ್ನ ಗಂಡ," ಎಂದಳು ತ್ರಿವೇಣಿ. "ಗುಣ ಆಗಲಿಲ್ರಿ. ಹ್ವಾದ್ರು."

ಪ್ರಣೀತಾಳ ಮುಖ ಕೆಂಪಾಯಿತು. ಇಷ್ಟು ದಿನ ಈ ಬಾಗಿಲಲ್ಲಿ ತಾನು ಆಡಿದ್ದೆಲ್ಲ ಒಟ್ಟಿಗೆ ನೆನಪಾಯಿತೇನೋ, ಕದ್ದ ಮಾಲು ಕೈಯಲ್ಲಿದ್ದವಳಂತೆ ಗಂಡನ ತೋಳನ್ನು ಮೆಲ್ಲಗೆ ಬಿಟ್ಟು, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತಳು. ಸುಖೇಶ್ ಊರುಗೋಲಿನ ಮೇಲೆ ತೂಗಿದ.

"ಹಿಡಕೋರಿ," ಎಂದಳು ತ್ರಿವೇಣಿ. ದನಿ ಒರಟಾಗಿಯೇ ಬಂತು. "ಬೀಳ್ತಾರ."